ಗಲ್ಲಾದ ಕುರ್ಚಿ ಅಟ್ಟಕ್ಕೇರಿದ್ದು

ಸುಭದ್ರಮ್ಮನನ್ನು ಸೊಸೆ ಅಕ್ಕಿಮೂಟೆಯ ಹಾಗೆ ಹಗ್ಗ ಕಟ್ಟಿ ಅಟ್ಟಕ್ಕೆ ಎಳೆಸಿದಳು ಎಂಬ ಮಾತು ನಾಸಿಕದ ಆ ಗಲ್ಲಿಯಲ್ಲಿ ಒಂದು ವರ್ಷವಾದರೂ ಹಳಸಿರಲಿಲ್ಲ. ಹಾಲಿನವನು ಹಾಲು ಅಳೆಯುತ್ತ ಕೇಳುತ್ತಿದ್ದ, ಎದುರಿನ ಪಾತ್ರೆ ಅಂಗಡಿಯವನು ಗಿರಾಕಿಗಳನ್ನು ಬಿಟ್ಟು ಬಂದು ಕೇಳುತ್ತಿದ್ದ: "ಕಾಯ್ ವಹಿನಿ, ಈ ಸಲ ನಿಮ್ಮತ್ತೆ ಸಾಸೂಬಾಯಿ ಯಾವಾಗ ಮೇಲೆ?" ಸೊಸೆ ಗುಣವತಿ ಸೌಟು ಹಿಡಿದು ಒಳಗೆ ಹೋಗುತ್ತಿದ್ದಳು. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಬೀದಿಯ ಬಾಯಿಗೆ ಬೀಗ ಹಾಕುತ್ತ ಕೂರಲು ಯಾರಿಗೆ ಪುರುಸೊತ್ತು?

ಗೋದಾವರಿಯ ಘಾಟಿನಿಂದ ಕೂಗಳತೆಯಲ್ಲಿ, ತೊಟ್ಟಿಮನೆಯಂಥ ಹಳೆಯ ವಾಡೆಯೊಂದರ ಕೆಳಭಾಗದಲ್ಲಿ ಅವರ ಹೋಟೆಲು. ಉಡುಪಿ ಕಡೆಯಿಂದ ಬಂದು ಗುಣವತಿಯ ಮಾವ ಕಟ್ಟಿ ನಿಲ್ಲಿಸಿದ್ದು. ಅವರು ತೀರಿಕೊಂಡ ಮೇಲೆ ಗಲ್ಲಾದ ಕುರ್ಚಿ, ಅಂದರೆ ಹಣದ ಪೆಟ್ಟಿಗೆಯ ಹಿಂದಿದ್ದ, ಎರಡು ಕೈಗಳ ಆ ಬೀಟೆ ಮರದ ಗಟ್ಟಿ ಕುರ್ಚಿ, ಮಗ ಭುಜಂಗನಿಗೆ ಬಂತು. ಆದರೆ ಹೋಟೆಲು ನಡೆಸಿದವರು ಸುಭದ್ರಮ್ಮ. ಯಾವ ಪಂಕ್ತಿಗೆ ಉಪ್ಪು ತಪ್ಪಿತು, ಯಾರ ಎಲೆಗೆ ತುಪ್ಪ ಬೀಳಲಿಲ್ಲ ಎಂಬುದು ಅವರ ಕಣ್ಣು ತಪ್ಪುತ್ತಿರಲಿಲ್ಲ. ಒಂದು ದಿನ ಹಿತ್ತಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಅಂದಿನಿಂದ ಅಡುಗೆಮನೆಯ ಪಕ್ಕದ ಕೋಣೆಯ ಮಂಚವೇ ಅವರ ರಾಜ್ಯ. ಕೋಣೆಯ ಹಿಂದೆ ಊರಿನ ಕೊಳೆ ಹೊತ್ತು ನದಿಗೆ ಸೇರುವ ನಾಲಾ. ಗಿರಾಕಿಗಳು ಉಂಡೆದ್ದ ಪತ್ರಾವಳಿಗಳೂ ಅದರ ಪಾಲು.

ಗುಣವತಿ ಹುಟ್ಟಿ ಬೆಳೆದದ್ದು ಊರ ಕಡೆಯ ಒಂದು ಕುದ್ರುವಿನಲ್ಲಿ. ಸುತ್ತ ಹೊಳೆ, ಆಚೆ ಸಮುದ್ರ. ಅಲ್ಲಿ ಮಳೆಗಾಲಕ್ಕೆ ಮುಂಚೆ ಅಟ್ಟ ತುಂಬಿಸದ ಮನೆಯನ್ನು ಮನೆಯೆಂದು ಯಾರೂ ಕರೆಯುವುದಿಲ್ಲ. ನಾಸಿಕಕ್ಕೆ ಬಂದ ಮೇಲೂ ಅವಳು ಆ ಪಾಠ ಬಿಡಲಿಲ್ಲ. ತ್ರ್ಯಂಬಕದ ಕಡೆಯಿಂದ ಭತ್ತದ ಹುಲ್ಲು ತರಿಸಿ, ಅಡುಗೆಯ ಹರಿದಾಸನ ಜೊತೆ ಕೂತು ಅಕ್ಕಿಯನ್ನು ಅದರಲ್ಲಿ ಸುತ್ತಿ ಬಿಗಿಯಾಗಿ ಮುಡಿ ಕಟ್ಟಿ ಅಟ್ಟಕ್ಕೆ ಸೇರಿಸುತ್ತಿದ್ದಳು. ಜೊತೆಗೆ ಅವಲಕ್ಕಿ, ಬೆಲ್ಲ, ಇದ್ದಿಲು, ಅದನ್ನು ಉರಿಸುವ ಶೇಗಡಿ ಒಲೆ, ಮೇಣ ಬಳಿದ ಬಾಟಲಿಯಲ್ಲಿ ಬೆಂಕಿಪೊಟ್ಟಣ. ಮೂಟೆ ಎತ್ತಲು ಅಟ್ಟದ ಬಾಯಿಯ ಮೇಲಿನ ತೊಲೆಗೆ ಬಾವಿಯ ರಾಟೆಯನ್ನೂ ಕಟ್ಟಿಸಿದ್ದಳು. ಅಟ್ಟದ ಬಾಯಿ ಇದ್ದದ್ದು ಊಟದ ಹಜಾರದ ಮೂಲೆಯಲ್ಲಿ. ಹಾಗಾಗಿ ಇಡೀ ಊರು ಅದನ್ನು ನೋಡುತ್ತ ಉಣ್ಣುತ್ತಿತ್ತು.

ಕಳೆದ ವರ್ಷ ಆದದ್ದು ಇಷ್ಟು. ನಾಸಿಕದವರಿಗೆ ಪ್ರವಾಹ ಅಳೆಯಲು ಘಾಟಿನ ರಾಮಕುಂಡದ ಬಳಿ ಎರಡು ಮುಖದ, ಆಳೆತ್ತರ ಮೀರಿದ ಮಾರುತಿಯ ವಿಗ್ರಹ ಇದೆ. ನೀರು ಅವನ ಮೊಣಕಾಲಿಗೆ ಬಂದರೆ ಊರು ನೋಡಲು ಹೋಗುತ್ತದೆ, ಸೊಂಟಕ್ಕೆ ಬಂದರೆ ಅಂಗಡಿ ಖಾಲಿ ಮಾಡುತ್ತದೆ. ಸೊಂಟಕ್ಕೆ ಬಂತೆಂದು ಯಾರೋ ಕೂಗಿದರು. ಗುಣವತಿ ಅತ್ತೆಯನ್ನು ಗಲ್ಲಾದ ಕುರ್ಚಿಯಲ್ಲಿ ಕೂರಿಸಿ, ಹಗ್ಗ ಬಿಗಿದು, ನಾಲ್ಕು ಜನರ ಕಣ್ಣಿಗೆ ಬೀಳಬಾರದೆಂದು ತಲೆಯಿಂದ ಕಾಲಿನವರೆಗೆ ಬಿಳಿ ದುಪ್ಪಟಿ ಹೊದಿಸಿ ಮೇಲೆತ್ತಿಸಿದಳು. ನೀರು ಹೋಟೆಲಿನ ಮೆಟ್ಟಿಲನ್ನೂ ಮುಟ್ಟದೆ ಇಳಿದುಹೋಯಿತು. ಗಲ್ಲಿ ಬಿದ್ದು ಬಿದ್ದು ನಕ್ಕಿತು. ಕೆಳಗಿಳಿದ ಸುಭದ್ರಮ್ಮ ಗೋಡೆಗೆ ಮುಖ ಮಾಡಿ ಮಲಗಿದರು. "ಇನ್ನೊಮ್ಮೆ ನನ್ನನ್ನು ಆ ಕುರ್ಚಿಗೆ ಕಟ್ಟಿದ್ರೆ ಅನ್ನ ಬಿಡ್ತೇನೆ, ನೋಡು" ಎಂದರು. ಭುಜಂಗ ರಾಟೆ ಬಿಚ್ಚಿಸಿದ. ಗುಣವತಿ ಮರುದಿನವೇ ಕಟ್ಟಿಸಿದಳು. ಅವನು ಮತ್ತೆ ಬಿಚ್ಚಿಸಿದ. ಅವಳು ಮತ್ತೆ ಕಟ್ಟಿಸಿದಳು. ಕೊನೆಗೆ ಹರಿದಾಸನೇ ಏಣಿ ಹತ್ತಿ ಇಳಿದು ಸಾಕಾಗಿ, ಇನ್ನು ತನ್ನ ಕೈಲಾಗದು ಎಂದ. ರಾಟೆ ಉಳಿಯಿತು.

ಈ ವರ್ಷ ಗಣಪತಿ ಹಬ್ಬ ಹತ್ತಿರವಿತ್ತು. ತ್ರ್ಯಂಬಕದಿಂದ ಬಂದ ಪುರೋಹಿತರೊಬ್ಬರು ಒದ್ದೆ ಪಂಚೆ ಹಿಂಡುತ್ತ, ನದಿ ಹುಟ್ಟುವ ಬೆಟ್ಟದಲ್ಲಿ ಮಳೆ ನಿಂತೇ ಇಲ್ಲವೆಂದು ಹೇಳಿ ಉಂಡು ಹೋದರು. ಮಧ್ಯಾಹ್ನದ ಪಂಕ್ತಿ ಮುಗಿಯಿತು. ಭುಜಂಗ ಕೊಡೆ ಹಿಡಿದು ಹೊರಟ.

"ಎಲ್ಲಿಗೆ?" ಎಂದಳು ಗುಣವತಿ.

"ಮಾರುತಿ ನೋಡ್ಲಿಕ್ಕೆ. ಇನ್ನೂ ಮೊಣಕಾಲಂತೆ. ನೀನು ಸುಮ್ಮನೆ ಹಗ್ಗ ಮುಟ್ಬೇಡ, ಆಯ್ತಾ? ಒಮ್ಮೆ ಮರ್ಯಾದೆ ಹೋದದ್ದು ಸಾಕು."

ಅವನ ಹಿಂದೆ ಗಲ್ಲಿಯ ಗಂಡಸರು ಜಾತ್ರೆಗೆ ಹೊರಟವರಂತೆ ಹೋದರು. ಗುಣವತಿ ಬಕೆಟ್ಟಿನಲ್ಲಿದ್ದ ಎಲೆಗಳನ್ನು ಸುರಿಯಲು ಹಿತ್ತಲ ಬಾಗಿಲು ತೆಗೆದಳು. ಆಗಲೇ ಸುರಿದಿದ್ದ ಎಲೆಗಳು ನದಿಯ ಕಡೆ ಹೋಗಿರಲಿಲ್ಲ. ನಾಲಾದ ನಡುವೆ ಒಂದೇ ಕಡೆ ಸುತ್ತುತ್ತಿದ್ದವು. ಅವಳು ನೋಡುತ್ತ ನಿಂತಂತೆ ಒಂದೊಂದೇ ಎಲೆ ಮುಖ ತಿರುಗಿಸಿ ಊರಿನ ಒಳಕ್ಕೆ, ಅವಳ ಹಿತ್ತಲಿನ ಕಡೆಗೇ ಬರತೊಡಗಿತು.

ಅವಳು ಬಕೆಟ್ಟನ್ನು ಅಲ್ಲೇ ಇಟ್ಟಳು. ಕುದ್ರುವಿನಲ್ಲಿ ಅವಳ ಅಜ್ಜ ಹೇಳುತ್ತಿದ್ದ ಮಾತು ಅದೇ. ನೆರೆ ನೆಂಟನ ಹಾಗೆ ಮುಂಬಾಗಿಲಿಗೆ ಬರುವುದಿಲ್ಲ, ಕಳ್ಳನ ಹಾಗೆ ಹಿತ್ತಲಿಗೆ ಬರುತ್ತದೆ. ದೊಡ್ಡ ಹೊಳೆ ತುಂಬಿ ದಾರಿ ಕೊಡದಿದ್ದರೆ ಸಣ್ಣ ತೋಡು ಎಲ್ಲಿಗೆ ಹೋಗಬೇಕು? ಅದು ಬಂದ ದಾರಿಗೇ ತಿರುಗುತ್ತದೆ. ಕಳೆದ ವರ್ಷ ಅವಳು ಅಜ್ಜನನ್ನು ಬಿಟ್ಟು ಊರಿನ ಮಾರುತಿಯನ್ನು ನಂಬಿದ್ದಳು. ಇವತ್ತು ಊರೆಲ್ಲ ಮಾರುತಿಯ ಮೊಣಕಾಲು ನೋಡುತ್ತಿದೆ, ನೀರು ಬೆನ್ನ ಹಿಂದೆ ಬರುತ್ತಿದೆ.

"ಹರಿದಾಸಾ, ಕುರ್ಚಿ ತಾ."

"ಗುಣಕ್ಕ, ಭುಜಂಗಣ್ಣ ಬೈತಾರೆ."

"ಬೈಲಿಕ್ಕೆ ಬರ್ಲಿ. ಬಂದ್ರೆ ಒಳ್ಳೆದೇ, ಎಳೀಲಿಕ್ಕೆ ಒಬ್ಬ ಜನ ಆಯ್ತು."

ಕೋಣೆಯಲ್ಲಿ ಸುಭದ್ರಮ್ಮ ಎಚ್ಚರವಾಗಿಯೇ ಇದ್ದರು. "ನಾನು ಬರುದಿಲ್ಲ" ಎಂದರು, ಯಾರೂ ಕೇಳುವ ಮೊದಲೇ.

"ಅತ್ತೆ, ನಾಲಾ ತಿರುಗಿದೆ."

"ತಿರುಗ್ಲಿ. ನನ್ನನ್ನು ಹೊತ್ತುಕೊಂಡು ಹೋಗುವ ದಿನ ಒಂದು ಬರ್ತದೆ, ಆಗ ನಾನು ಬೇಡ ಹೇಳ್ಲಿಕ್ಕಿಲ್ಲ. ಅಲ್ಲಿವರೆಗೆ ಯಾರೂ ಎತ್ತುದು ಬೇಡ."

ಬಾಗಿಲ ಸಂದಿಯಿಂದ ಕಪ್ಪು ನೀರು ನಾಲಿಗೆ ಚಾಚಿತು. ಗುಣವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಚದ ಮೇಲೆ ಅತ್ತೆಯ ಕಾಲ ಬಳಿ ಕೂತುಬಿಟ್ಟಳು.

"ಹಾಗಾದ್ರೆ ನಾನೂ ಇಲ್ಲೇ."

"ನಿಂಗೆ ಹುಚ್ಚಾ ಮಾರಾಯ್ತಿ?"

"ಹೌದಂತೆ. ಇಡೀ ಗಲ್ಲಿ ಹೇಳ್ತದೆ. ಕಳೆದ ವರ್ಷ ನಾನು ತಪ್ಪಿದೆ ಅತ್ತೆ, ಇಲ್ಲ ಹೇಳುದಿಲ್ಲ. ಈ ವರ್ಷವೂ ತಪ್ಪಿದ್ರೆ ಬರುವ ವರ್ಷ ಮತ್ತೆ ಎತ್ತುತ್ತೇನೆ. ನಗುವವರು ನಗ್ಲಿ. ನಿಮ್ಮನ್ನು ಇಲ್ಲಿ ಬಿಟ್ಟು ಮೇಲೆ ಹೋಗಿ ಕೂತ್ಕೊಳ್ಳುವ ಮರ್ಯಾದೆ ನಂಗೆ ಬೇಡ."

ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ನೀರು ಈಗ ಮಂಚದ ಕಾಲಿಗೆ ಬಂದಿತ್ತು. ಅದರ ಜೊತೆ ಒಂದು ಪತ್ರಾವಳಿ ತೇಲಿಕೊಂಡು ಒಳಗೆ ಬಂದು, ಮಂಚಕ್ಕೆ ತಾಗಿ ನಿಂತಿತು. ಸುಭದ್ರಮ್ಮ ತಲೆ ಎತ್ತಿ ನೋಡಿದರು.

"ಇದು ಇವತ್ತಿನ ಬೀಟ್‌ರೂಟ್ ಪಲ್ಯ ಅಲ್ವಾ?"

"ಹೌದು."

"ಅರ್ಧ ಬಿಟ್ಟಿದ್ದಾರೆ. ಉಪ್ಪು ಹೆಚ್ಚಾಗಿರ್ಬೇಕು." ಎಲೆಯಿಂದ ಕಣ್ಣು ತೆಗೆದು ಸೊಸೆಯನ್ನು ಕೇಳಿದರು: "ಗುಣವತಿ, ಆ ದಿನ ನನ್ನ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿದ್ದು ಯಾಕೆ?"

"ಜನ ನೋಡ್ಬಾರ್ದು ಅಂತ."

"ಹೆಣಕ್ಕೆ ಹೊದಿಸುದು ಹಾಗೆ. ನನ್ನ ಹೋಟೆಲಲ್ಲಿ, ನನ್ನ ಪಂಕ್ತಿಯ ಮಧ್ಯೆ, ನನ್ನನ್ನು ಹೆಣದ ಹಾಗೆ ಎತ್ತಿದ್ರಿ. ನಾಚಿಕೆ ನಂಗೆ ಆದದ್ದಲ್ಲ, ನಿಮಗೆ ಆದದ್ದು."

ವರ್ಷವಿಡೀ ಅತ್ತೆಯ ಸಿಟ್ಟು ಹಗ್ಗ, ರಾಟೆಯ ಮೇಲೆ ಎಂದುಕೊಂಡಿದ್ದವಳಿಗೆ ತಪ್ಪು ಒಂದು ದುಪ್ಪಟಿಯಲ್ಲಿತ್ತೆಂದು ಈಗ ತಿಳಿಯಿತು. ಗುಣವತಿಗೆ ಅತ್ತೆಯ ಕಾಲು ಹಿಡಿದು ಅಳಬೇಕೆನಿಸಿತು. ಅಳಲು ಹೊತ್ತಿರಲಿಲ್ಲ.

"ಈ ಸಲ ಮುಖ ತೆರೆದೇ ಇರ್ಲಿ ಅತ್ತೆ."

"ಹಾಗಾದ್ರೆ ಕುರ್ಚಿ ತಾ. ಎಂತ ನೋಡ್ತಾ ಕೂತಿದ್ದಿ?"

ಹರಿದಾಸನೂ ಅವಳೂ ಸುಭದ್ರಮ್ಮನನ್ನು ಕುರ್ಚಿಗೆ ಕಟ್ಟಿ ಹಜಾರಕ್ಕೆ ಹೊತ್ತು ತಂದು, ಮೊಣಕಾಲು ನೀರಿನಲ್ಲಿ ನಿಂತು ಹಗ್ಗ ಜಗ್ಗಿದರು. ಅಂಗೈ ಸುಲಿಯಿತು, ರಾಟೆ ಕಿರುಗುಟ್ಟಿತು, ಕುರ್ಚಿ ಒಮ್ಮೆ ಗೋಡೆಗೆ ಬಡಿಯಿತು. "ಮೆಲ್ಲ, ಮೆಲ್ಲ. ನಿನ್ನ ಮಾವ ಕೂತ ಕುರ್ಚಿ ಇದು" ಎಂದು ಸುಭದ್ರಮ್ಮ ಮೇಲಿನಿಂದ ಗದರಿದರು. ಬಿಗಿದ ಹಗ್ಗವನ್ನು ಹರಿದಾಸ ಕಂಬಕ್ಕೆ ಸುತ್ತಿ ಹಿಡಿದ; ಗುಣವತಿ ಏಣಿ ಹತ್ತಿ ಕುರ್ಚಿಯನ್ನು ಅಟ್ಟಕ್ಕೆ ಎಳೆದುಕೊಂಡಳು. ಹರಿದಾಸ ಹತ್ತಿ ಬರುವಷ್ಟರಲ್ಲಿ ಕೆಳಗೆ ಬೆಂಚುಗಳು ತೇಲುತ್ತಿದ್ದವು. ಹೊರಗೆ, ಮಾರುತಿ ನೋಡಲು ಹೋಗದೆ ಉಳಿದಿದ್ದ ಪಾತ್ರೆ ಅಂಗಡಿಯವನು ಮುದಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಆಸರೆ ಹುಡುಕುತ್ತಿದ್ದ. ಗುಣವತಿ ಗವಾಕ್ಷಿಯಿಂದ ಅವನನ್ನು ಕರೆದಳು. ಅವನ ತಾಯಿಯೂ ಅದೇ ಹಗ್ಗದಲ್ಲಿ, ಅದೇ ಕುರ್ಚಿಯಲ್ಲಿ ಮೇಲೆ ಬಂದಳು.

ಭುಜಂಗ ನದಿಯ ಆಚೆ ಎತ್ತರದ ಗುಡಿಯಲ್ಲಿ ಸಿಕ್ಕಿಬಿದ್ದಿದ್ದ. ನೀರು ಇಳಿದ ಮೇಲೆ ಕೆಸರಿನಲ್ಲಿ ಕಾಲು ಕಿತ್ತಿಡುತ್ತ ಹಜಾರಕ್ಕೆ ಬಂದವನು ತಾಯಿಯ ಕೋಣೆಗೆ ಹೋದ. ಮಂಚ ಮಗುಚಿ ಬಿದ್ದಿತ್ತು. ಅವನು ಅದನ್ನು ಎತ್ತಿ ಅಡಿಯಲ್ಲಿ ಹುಡುಕಿದ. ಆಗ ಮೇಲಿನಿಂದ ಗಂಜಿಯ ವಾಸನೆ ಬಂತು, ಅದರ ಹಿಂದೆಯೇ ತಾಯಿಯ ದನಿ.

"ಭುಜಂಗಾ, ಮಾರುತಿ ಎಲ್ಲಿವರೆಗೆ ಮುಳುಗಿದ?"

"ಪೂರ್ತಿ ಅಮ್ಮ" ಎಂದು ಅವನು ಮಗುವಿನ ಹಾಗೆ ಅತ್ತ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರೇ ಹೆಚ್ಚಿರುವ ಲೋಕ ಇದು. ಕೆಸರು ಒಣಗುವಷ್ಟರಲ್ಲಿ ಗಲ್ಲಿಯ ಅರ್ಧದಷ್ಟು ಮನೆಗಳು ಮರೆತೂಬಿಟ್ಟವು. ಗುಣವತಿ ಮರೆಯಲಿಲ್ಲ. ಮರುವರ್ಷ ಮೃಗಶಿರೆಯ ಮೊದಲ ಹನಿ ಬೀಳುವ ಮೊದಲೇ ಮುಡಿ ಕಟ್ಟಿದಳು, ಹಗ್ಗ ಬದಲಿಸಿದಳು. ಮುಗಿಲಲ್ಲಿ ಒಂದು ಮೋಡವೂ ಇಲ್ಲದ ದಿನ. ಊಟದ ಹೊತ್ತು. ಓಝರಿನ ವಿಮಾನ ಕಾರ್ಖಾನೆಯ ಹುಡುಗರಿಂದ ಹಜಾರ ಕಿಕ್ಕಿರಿದಿತ್ತು. ಒಳಗಿನಿಂದ ಸುಭದ್ರಮ್ಮ ಕೂಗಿದರು.

"ಭುಜಂಗಾ, ಕುರ್ಚಿ ಖಾಲಿ ಮಾಡು. ತಾಲೀಮು ಆಗ್ಲಿ."

"ಅಮ್ಮಾ, ಪಂಕ್ತಿ ಏಳ್ಲಿ. ಇಷ್ಟು ಜನ ಇದ್ದಾರೆ."

"ಇರ್ಲಿ ಅಂತಲೇ ಈಗ ಕರ್ದದ್ದು."

ಭುಜಂಗ ಗಲ್ಲಾ ಬಿಟ್ಟೆದ್ದು ತಾನೇ ಹಗ್ಗ ಹಿಡಿದ. ಗುಣವತಿ ಅತ್ತೆಯ ತಲೆ ಬಾಚಿ, ಮುಖ ಒರೆಸಿ, ಒಳ್ಳೆಯ ಸೀರೆ ಉಡಿಸಿ ಕೂರಿಸಿದಳು. ಬಾಯಲ್ಲಿ ಎಲೆಯಡಿಕೆ, ಮುಖದ ಮೇಲೆ ಒಂದು ನೂಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಹಾಲಿನವನು ನಗಲು ಹೋಗಿ, ಪಕ್ಕದಲ್ಲಿದ್ದ ಪಾತ್ರೆ ಅಂಗಡಿಯವನ ಮುಖ ನೋಡಿ ನಗುವನ್ನು ಕೆಮ್ಮಿಗೆ ತಿರುಗಿಸಿದ. ಸುಭದ್ರಮ್ಮ ಗಿರಾಕಿಗಳ ತಲೆಯ ಮೇಲಿಂದ ನಿಧಾನವಾಗಿ ಏರಿ ಅಟ್ಟದ ಅಂಚು ಸೇರಿದರು. ಸೊಂಟ ಮುರಿದ ಮೇಲೆ ಅವರು ಗಿರಾಕಿ ತುಂಬಿದ ತಮ್ಮ ಹೋಟೆಲನ್ನು ಈ ಕಡೆಯಿಂದ ಆ ಕಡೆಯವರೆಗೆ ನೋಡಿದ್ದು ಅದೇ ಮೊದಲು.

"ಇಳಿಸುವುದಾ ಅತ್ತೆ?" ಎಂದಳು ಗುಣವತಿ.

"ಈಗ ಬೇಡ. ಇಲ್ಲಿಂದ ಎಲ್ಲ ಕಾಣ್ತದೆ" ಎಂದ ಸುಭದ್ರಮ್ಮ ಬೆರಳು ಚಾಚಿದರು. "ಆ ಮೂಲೆಯವರಿಗೆ ಇನ್ನೂ ಸಾರು ಬಡಿಸ್ಲಿಲ್ಲ, ನೋಡು."