ಕರ್ಲ್ಯೂ ಮರಿಗಳಿಗಾಗಿ ಹತ್ತಿದ ಗುಡ್ಡ

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಮೆರಿಯಲ್ ದೂರ ನಡೆದೇ ಇರಲಿಲ್ಲ. ಆದರೂ ಮೇ ತಿಂಗಳ ಕೊನೆಗೆ ತಂಗಿ ಥೆಲ್ಮಾಳನ್ನು ಹೊರಡಿಸಿಕೊಂಡು ಸ್ಕಾರ್‌ಬೆಕ್‌ಗೆ ಬಂದಿಳಿದಳು. ಒಂದಿಷ್ಟು ಕಲ್ಲಿನ ಮನೆ, ಒಂದು ಹಳ್ಳ, ಸುತ್ತ ಕುರಿ ಮೇಯುವ ಗುಡ್ಡ, ಅಷ್ಟೇ ಊರು. ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂ ಹಕ್ಕಿಯನ್ನು ಮರಿಗಳ ಸಮೇತ ಕಣ್ಣಾರೆ ನೋಡಲೇಬೇಕೆಂಬುದು ಅವಳ ಹಟ.

“ಕುಂಟ್ಕೊಂಡು ಹೊರಟಿದೀಯಲ್ಲೇ ಅಕ್ಕ, ಹಕ್ಕಿ ನಿನ್ನ ನೋಡಿ ನಗುತ್ತೆ,” ಎಂದಳು ಥೆಲ್ಮಾ.

“ನಗಲಿ ಬಿಡು. ಅದನ್ನಾದ್ರೂ ಹತ್ರದಿಂದ ಕೇಳ್ತೀನಿ.”

ಹಳ್ಳ ದಾಟಿದರೆ ಕಾಲುದಾರಿಯ ಗೇಟಿಗೆ ಹಗ್ಗ ಬಿಗಿದಿತ್ತು. ಪಕ್ಕದಲ್ಲೇ ಆ ಹೊಲದ ರೈತ ಮೆಟ್‌ಕಾಫ್ ನಿಂತಿದ್ದ.

“ಇದು ಎಲ್ಲರೂ ನಡೆಯೋ ದಾರಿ. ಕಟ್ಟೋಕೆ ನೀವ್ಯಾರ್ರೀ?” ಮೆರಿಯಲ್ ರೇಗಿದಳು.

“ಹೋಗ್ತೀನಿ ಅಂದ್ರೆ ನಾನು ತಡೆಯೋ ಹಾಗಿಲ್ಲ ತಾಯಿ.” ಅವನು ದನಿ ತಗ್ಗಿಸಿದ. “ದಾರಿ ಪಕ್ಕದ ಹುಲ್ಲಲ್ಲೇ ಕರ್ಲ್ಯೂ ಮರಿ ಮಾಡಿದೆ. ಹೋದ ವರ್ಷ ಯಾರದೋ ನಾಯಿಗೆ ಹೆದರಿ ಹಾರಿದ ತಾಯಿ ಗೂಡಿಗೆ ವಾಪಸ್ ಬರ್ಲೇ ಇಲ್ಲ.”

“ಅವನೇ ತಡೆಯಲ್ಲ ಅಂತಾನಲ್ಲ, ಮೆತ್ತಗೆ ಹೋಗಿ ನೋಡ್ಬಿಡು,” ಥೆಲ್ಮಾ ಪಿಸುಗುಟ್ಟಿದಳು.

ಮೆರಿಯಲ್ ಹುಲ್ಲನ್ನೊಮ್ಮೆ, ಗುಡ್ಡವನ್ನೊಮ್ಮೆ ನೋಡಿದಳು. ಅವಳ ಸಿಟ್ಟು ಇಳಿದಿತ್ತು, ಹಟ ಇಳಿದಿರಲಿಲ್ಲ.

“ಮೇಲಿಂದ ಕಾಣ್ಸುತ್ತಾ?”

“ಕಾಣ್ಸುತ್ತೆ. ಆದ್ರೆ ಸುತ್ತು ದಾರಿ, ಕಡಿದಾದ ಏರು. ನಿಮ್ಮ ಕಾಲು...”

“ಕಾಲಿನ ವಿಷ್ಯ ನಂಗೆ ಬಿಡಿ.”

ಕಲ್ಲುಗೋಡೆ ಹಿಡಿದುಕೊಂಡು ಹತ್ತಿದಳು. ಮಂಡಿ ಉರಿಯತೊಡಗಿತು. ನಿಂತಳು, ಕೂತಳು, ಹಿಂದೆ ಮಾತ್ರ ತಿರುಗಲಿಲ್ಲ. ಅರ್ಧ ಏರುವಷ್ಟರಲ್ಲಿ ಥೆಲ್ಮಾಳ ಗೇಲಿಯೂ ನಿಂತಿತು. ಅಕ್ಕನ ಕೈ ಎಳೆದು ತನ್ನ ಹೆಗಲ ಮೇಲೆ ಹಾಕಿಕೊಂಡಳು.

ನೆತ್ತಿ ತಲುಪಿ ದುರ್ಬೀನು ಹಿಡಿದರೆ ಬರೀ ಹುಲ್ಲು. ಗಾಳಿಗೆ ಕಿವಿ ಮರಗಟ್ಟಿತು. “ಇಳಿಯೋಣ್ವಾ?” ಎಂದು ಥೆಲ್ಮಾ ಮತ್ತೆ ಮತ್ತೆ ಕೇಳಿದರೂ ಮೆರಿಯಲ್ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗಿಂದ ನೀರು ಗುಳುಗುಳಿಸಿದಂಥ ಕೂಗು ಎದ್ದಿತು. ಹುಲ್ಲು ಸೀಳಿಕೊಂಡು ತಾಯಿ ಹೊರಬಂತು. ಅದರ ಹಿಂದೆ ಉದ್ದ ಕಾಲುಗಳ ಮೇಲೆ ತಡವರಿಸುವ ಕಂದು ಉಣ್ಣೆಯುಂಡೆಗಳು.

ಮೆರಿಯಲ್ ದುರ್ಬೀನನ್ನು ಕಣ್ಣಿಂದ ಇಳಿಸಲೇ ಇಲ್ಲ.

“ಕೊಡೇ ಇಲ್ಲಿ, ನಂಗೂ ತೋರ್ಸು!” ಥೆಲ್ಮಾ ದುರ್ಬೀನು ಕಿತ್ತುಕೊಂಡಳು.

ಇಳಿಯುವಾಗ ಮಂಡಿ ಕುಂಬಳಕಾಯಿಯಂತೆ ಊದಿತು. ಮೆಟ್‌ಕಾಫ್ ಇನ್ನೂ ಗೇಟಿನಲ್ಲೇ ಇದ್ದ.

“ನಾಳೆ ನಿಮ್ಮ ಕುರಿಗಳನ್ನ ನೋಡ್ಕೊಳ್ಳಿ. ಇಲ್ಲಿ ನಾನಿರ್ತೀನಿ. ಒಂದು ಕುರ್ಚಿ ತಂದ್ಹಾಕಿ, ಸಾಕು,” ಎಂದಳು ಮೆರಿಯಲ್.

ಮರುದಿನ ಬೆಳಿಗ್ಗೆಯಿಂದಲೇ ಊದಿದ ಕಾಲು ಚಾಚಿಕೊಂಡು ಅವಳು ಗೇಟಿಗೆ ಅಡ್ಡ ಕೂತಿದ್ದಳು. ನಾಯಿ ಹಿಡಿದು ಬಂದವರಿಗೆಲ್ಲ ಗುಡ್ಡದ ಕಡೆ ಕೈ ತೋರಿಸಿ, “ಆ ಕಡೆಯಿಂದ ಹತ್ತಿ, ನಾನೇ ಹತ್ತಿದೀನಿ,” ಎನ್ನುತ್ತಿದ್ದಳು. ಒಬ್ಬರೂ ಎದುರಾಡಲಿಲ್ಲ.