ಬಾಗಿಲಾಚೆ ಇಟ್ಟ ಮಂಚ

ಪಾಚಿ ಮೇಡಂ ಆ ಊರಿಗೆ ಬಂದು ಹದಿಮೂರು ದಿನವಾಗಿತ್ತು. ಮೈ ಬಂದು ಮುಟ್ಟಿತ್ತು, ನಿದ್ದೆ ಮಾತ್ರ ಮುಂದಿನ ವಿಮಾನಕ್ಕಾಗಿ ಎಲ್ಲೋ ಕಾಯುತ್ತಾ ಕುಳಿತಂತಿತ್ತು. ಬರಬೇಕಾದ ಹೊತ್ತಿಗೆ ಬಾರದೆ, ನಡುಹಗಲಿನಲ್ಲಿ ಹೇಳದೆ ಕೇಳದೆ ಬಂದು ರೆಪ್ಪೆ ಹಿಡಿದು ಎಳೆಯುತ್ತಿತ್ತು. ಗೋಡೆ, ಕಲ್ಲು, ಮರದ ತೊಗಟೆಗಳ ಮೇಲೆ ಬೆಳೆಯುವ ಪಾಚಿಯನ್ನು ಅಭ್ಯಾಸ ಮಾಡುವುದು ಅವಳ ಕೆಲಸ. ಪಾಚಿ ಮೇಡಂ ಎಂದು ಹೆಸರಿಟ್ಟವರು ಅವಳ ಹಳೆಯ ವಿದ್ಯಾರ್ಥಿಗಳು. ಇಲ್ಲಿನ ವಿಶ್ವವಿದ್ಯಾಲಯ ಎರಡು ವರ್ಷದ ಸಂಶೋಧನೆಗೆಂದು ಅವಳನ್ನು ಕರೆಸಿಕೊಂಡಿತ್ತು. ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರೆ ಆ ಪುಟಾಣಿ ಹಸಿರು ಕಾಡಿನ ನಡುವೆ ಐದು ವರ್ಷದ ಮಗಳು ಚಕ್ಕಳಮಕ್ಕಳ ಹಾಕಿ ಕುಳಿತು ಗೊಂಬೆಯ ತಲೆ ಬಾಚುತ್ತಿದ್ದಳು. ಬೆಚ್ಚಿ ಕಣ್ಣು ಉಜ್ಜಿಕೊಂಡರೆ ಬರೀ ಪಾಚಿ.

ಮಗಳು ಅಕ್ಕನ ಮನೆಯಲ್ಲಿದ್ದಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. "ನೀನು ಮೊದಲು ಹೋಗಿ ನೆಲೆ ಮಾಡ್ಕೋ, ಇವಳನ್ನ ನಾನೇ ಕರ್ಕೊಂಡು ಬಂದು ಬಿಡ್ತೀನಿ" ಎಂದು ಅಕ್ಕ ಧೈರ್ಯ ಹೇಳಿ ಕಳಿಸಿದ್ದಳು. ಮೊದಲ ವಾರ ಮಗಳು ಫೋನಿನಲ್ಲಿ ಅತ್ತಳು. ಎರಡನೇ ವಾರ ಅಳು ನಿಂತಿತು, ಅದರ ಜೊತೆ ಮಾತೂ ನಿಂತಿತು. "ಬಾರೇ, ಅಮ್ಮನ ಫೋನು" ಎಂದು ಅಕ್ಕ ಕರೆದರೆ, "ನಾನು ಆಟ ಆಡ್ತಿದೀನಿ" ಎಂಬ ದನಿ ದೂರದಿಂದ ಕೇಳಿಸುತ್ತಿತ್ತು. ಇದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು ಎಂದು ಪಾಚಿ ಮೇಡಂಗೆ ಅನ್ನಿಸುತ್ತಿತ್ತು.

ಬಂದ ದಿನವೇ ವಿಶ್ವವಿದ್ಯಾಲಯದ ಸ್ವಾಗತ ಕಚೇರಿಯಾಕೆ ಅವಳ ಕೈಗೆ ಒಂದು ಕೈಪಿಡಿ ಕೊಟ್ಟಿದ್ದಳು. ಹೊರದೇಶದಿಂದ ಬಂದ ವಿದ್ವಾಂಸರಿಗೆ ನಲವತ್ತು ಸೂಚನೆಗಳು. ವಿಳಾಸ ಎಲ್ಲಿ ಬರೆಸಬೇಕು, ಯಾವ ಕಸ ಯಾವ ಬಣ್ಣದ ಡಬ್ಬಿಗೆ, ವೈದ್ಯರನ್ನು ಕಾಣಲು ಮೊದಲು ಯಾರನ್ನು ಕಾಣಬೇಕು, ಎಲ್ಲವೂ ಇತ್ತು. "ಪೂರ್ತಿ ಓದಿ, ಮೇಡಂ. ಓದದೆ ಇದ್ದೋರೇ ಆಮೇಲೆ ನನ್ನ ಹತ್ರ ಅಳ್ತಾ ಬರೋದು" ಎಂದು ಆಕೆ ನಕ್ಕಳು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ, ಓದಿದರಾಯಿತು ಎಂದುಕೊಂಡು ಪಾಚಿ ಮೇಡಂ ಕೈಪಿಡಿಯನ್ನು ಚೀಲಕ್ಕೆ ಹಾಕಿದಳು.

ಓದಿದ್ದೂ ಹೌದು, ಹನ್ನೊಂದನೇ ಸೂಚನೆಯವರೆಗೆ. ಮಕ್ಕಳನ್ನು ಕರೆಸಿಕೊಳ್ಳುವವರ ಮನೆಗೆ ನಗರ ಕಚೇರಿಯಿಂದ ತಪಾಸಣೆಗೆ ಬರುತ್ತಾರೆ; ಮಗುವಿಗೆ ಅದರದೇ ಆದ ಮಂಚವಿರಬೇಕು, ತೆರೆಯುವ ಕಿಟಕಿಯಿರಬೇಕು; ಇಲ್ಲವಾದರೆ ಆರು ತಿಂಗಳ ನಂತರ ಮತ್ತೆ ಅರ್ಜಿ ಹಾಕಬೇಕು ಎಂದು ಅಲ್ಲಿತ್ತು. ಆರು ತಿಂಗಳು! ಮಗಳ ಮುಂದಿನ ಹಲ್ಲು ಈಗಾಗಲೇ ಅಲ್ಲಾಡುತ್ತಿತ್ತು. ಅದು ಬಿದ್ದು, ಹೊಸದು ಹುಟ್ಟಿ, ಬೇರೆಯೇ ನಗು ನಗುವ ಹುಡುಗಿಯೊಬ್ಬಳು ಬಂದಾಳು, ಇಲ್ಲವೇ ಬರುವುದೇ ಇಲ್ಲವೆಂದು ಹಟ ಹಿಡಿದಾಳು. ಪಾಚಿ ಮೇಡಂ ಆ ಪುಟವನ್ನು ಮಡಚಿ ದಿನಕ್ಕೆ ನಾಲ್ಕು ಸಲ ಓದಿದಳು. ಅದನ್ನು ಮಗುಚಿ ಮುಂದಿನದನ್ನು ನೋಡಲು ಮರೆತೇ ಹೋಯಿತು.

ಪುಟ್ಟ ಮಂಚವೊಂದನ್ನು ಬಿಡಿಬಿಡಿ ಹಲಗೆಗಳಾಗಿ ತಂದು, ಎರಡು ಸಂಜೆ ಕುಳಿತು ಜೋಡಿಸಿದಳು. ಒಂದು ತಿರುಪು ಉಳಿಯಿತು. ಅದು ಎಲ್ಲಿಗೆ ಸೇರಬೇಕಿತ್ತೆಂದು ತಿಳಿಯದೆ, ಮಂಚದ ಮೇಲೆ ತಾನೇ ಕುಳಿತು ಎಗರಿ ನೋಡಿದಳು. ಮುರಿಯಲಿಲ್ಲ.

ತಪಾಸಣೆ ಹದಿನಾಲ್ಕನೇ ದಿನ, ಮಧ್ಯಾಹ್ನ ಮೂರಕ್ಕೆ. ಮನೆಗೆ ಬರುವವರು ಯಾರೇ ಇರಲಿ, ನೆಲ ತೊಳೆಯದೆ ಬಾಗಿಲು ತೆರೆಯುವ ಹೆಣ್ಣು ಅವಳ ವಂಶದಲ್ಲೇ ಹುಟ್ಟಿರಲಿಲ್ಲ. ಕೋಣೆಯೋ ಬೆಂಕಿಪೊಟ್ಟಣದಷ್ಟು. ಸಾಮಾನು ಹೊರಗಿಡದೆ ನೀರು ಹಾಕುವುದು ಹೇಗೆ? ಒಂದು ಗಂಟೆಗೆ ಮಗಳ ಮಂಚವನ್ನೂ ಒಂದು ಕುಂಟು ಕುರ್ಚಿಯನ್ನೂ ಬಾಗಿಲಾಚೆ, ಮೆಟ್ಟಿಲ ಪಕ್ಕದ ಜಾಗಕ್ಕೆ ಎಳೆದಿಟ್ಟಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಕೆಟ್ಟುಗಟ್ಟಲೆ ನೀರು ಸುರಿದು, ಮೂಲೆ ಮೂಲೆ ಉಜ್ಜಿದಳು. ನೆಲ ಆರಲಿ ಎಂದು ಕಿಟಕಿ ತೆರೆದು ತನ್ನ ಮಂಚದ ಮೇಲೆ ಕಾಲು ಮೇಲೆತ್ತಿ ಕುಳಿತಳು. ಒದ್ದೆ ನೆಲದಲ್ಲಿ ಆಕಾಶ ಬಿದ್ದಿತ್ತು. ಮೋಡವೊಂದು ಒಲೆಯ ಕಡೆಯಿಂದ ಹೊಸಿಲಿನ ಕಡೆಗೆ ಮೆಲ್ಲಗೆ ಹೋಗುತ್ತಿತ್ತು. ಅದು ಹೊಸಿಲು ದಾಟುವುದನ್ನು ನೋಡಬೇಕೆಂದುಕೊಂಡಳು.

ಮೋಡದ ಹಿಂದೆಯೇ ಮಗಳು ಬಂದಳು. ಬರಿಗಾಲಲ್ಲಿ, ನೀರಿನ ಮೇಲೆ ಚಪ್ ಚಪ್ ಎಂದು ಸದ್ದು ಮಾಡುತ್ತಾ. "ಅಮ್ಮಾ, ಈ ಮಂಚ ನಂಗೇನಾ?" ಎಂದು ಕೇಳಿದಳು. ನಿನಗೇ ಕಂದ ಎನ್ನಲು ಬಾಯಿ ತೆರೆದರೆ ದನಿ ಹೊರಡಲಿಲ್ಲ. ಮಗಳು ಮಂಚವನ್ನು ಹೂವಿನಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಮೇಲೆ ಮೇಲೆ ಹೋದಳು.

ಎಚ್ಚರವಾದಾಗ ಎರಡೂವರೆ. ಬಾಗಿಲು ತೆರೆದಳು. ಕುರ್ಚಿ ಇತ್ತು, ಮಂಚ ಇರಲಿಲ್ಲ.

ಕಳ್ಳತನವೆಂದು ಕೂಗಬೇಕೆ, ಯಾರನ್ನಾದರೂ ಕರೆಯಬೇಕೆ ಎಂದು ತಿಳಿಯದೆ ಕೈಪಿಡಿ ತೆಗೆದಳು. ಪುಟ ತಾನಾಗಿ ಮಗುಚಿತು. ಹನ್ನೆರಡನೇ ಸೂಚನೆ: 'ಬಾಗಿಲಾಚೆ ಇಟ್ಟ ವಸ್ತು ನಿಮಗೆ ಬೇಡವೆಂದು ಅರ್ಥ. ಬೇಕಾದವರು ಒಯ್ಯುತ್ತಾರೆ. ನೀವೂ ಹಾಗೆಯೇ ಒಯ್ಯಬಹುದು.' ಕುಂಟು ಕುರ್ಚಿ ಯಾರಿಗೂ ಬೇಡವಾಗಿತ್ತು, ಅಷ್ಟೇ.

ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ಹಣೆ ಚಚ್ಚಿಕೊಳ್ಳುವಾಗ ನೆಲ ಕಂಡಿತು. ತೊಳೆದ ನೀರು ಹೊಸಿಲು ದಾಟಿ ಹೊರಗೆ ಹರಿದಿತ್ತು. ಅದರಿಂದೆದ್ದ ಪುಟ್ಟ ಪುಟ್ಟ ಬರಿಗಾಲ ಗುರುತುಗಳು ಮೆಟ್ಟಿಲ ಮೇಲೆ ಸಾಗಿದ್ದವು, ಅಂಚುಗಳು ಆಗಲೇ ಆರುತ್ತಿದ್ದವು. ಅರೆನಿದ್ದೆಯ ಪಾಚಿ ಮೇಡಂ ಕನಸು ಯಾವುದು ನನಸು ಯಾವುದೆಂದು ತಿಳಿಯದೆ, ಮಗಳ ಹೆಸರು ಹಿಡಿದು ಕೂಗಿಯೇ ಬಿಟ್ಟಳು. ಹೆಜ್ಜೆಗಳ ಹಿಂದೆಯೇ ಹತ್ತಿದಳು.

ಮೇಲಿನ ಮನೆಯ ಬಾಗಿಲು ತೆರೆದವಳು ಬಸ್ಸು ಓಡಿಸುವಾಕೆ. ಕೆಲಸದ ಸಮವಸ್ತ್ರದಲ್ಲೇ ಇದ್ದಳು. ಏನೂ ಕೇಳುವ ಮೊದಲೇ ತುಟಿಯ ಮೇಲೆ ಬೆರಳಿಟ್ಟು, ಅರಳಿದ ಮುಖದಿಂದ ಒಳಗೆ ಕೈತೋರಿದಳು. ಗೋಡೆಯ ಪಕ್ಕ ಅದೇ ಮಂಚ. ಅದರಲ್ಲಿ ಐದಾರು ವರ್ಷದ ಹುಡುಗಿಯೊಬ್ಬಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಒದ್ದೆ ಪಾದಗಳು ಹೊದಿಕೆಯಿಂದಾಚೆ ಚಾಚಿದ್ದವು.

"ಮೂರು ವರ್ಷದಿಂದ ಸೋಫಾ ಮೇಲೇ ಮಲಗ್ತಿದ್ಲು. ಇವತ್ತು ಇದನ್ನ ನೋಡಿದ್ದೇ ತಡ, ಬಿಡ್ಲೇ ಇಲ್ಲ, ನಾನೇ ಹೊತ್ತು ತಂದೆ. ಮಲಗಿ ನೋಡ್ತೀನಿ ಅಂತ ಹತ್ತಿದೋಳು ಹಾಗೇ ನಿದ್ದೆಗೆ ಬಿದ್ಲು. ಇಟ್ಟಿದ್ದು ನೀವೇನಾ? ತುಂಬಾ ಉಪಕಾರ ಆಯ್ತು" ಎಂದು ಆಕೆ ಪಿಸುಗುಟ್ಟಿದಳು.

ಪಾಚಿ ಮೇಡಂ ಬಾಯಿಯಲ್ಲಿ ಮಾತು ಸಿದ್ಧವಾಗಿತ್ತು: ಇದು ನನ್ನ ಮಗಳದು, ಎಬ್ಬಿಸಿ. ಎರಡು ಸಲ ತುಟಿಯವರೆಗೆ ಬಂತು. ತನ್ನ ಮಗಳು ಅಲ್ಲಿ ಯಾರ ಮಗ್ಗುಲಲ್ಲಿ ಹೀಗೆ ಬಾಯಿ ತೆರೆದು ಮಲಗಿದ್ದಾಳೋ, ಅವಳನ್ನು ಯಾರಾದರೂ ತೋಳು ಹಿಡಿದು ಎಬ್ಬಿಸಿದರೆ ಹೇಗಿರುತ್ತದೆ ಎಂದು ನೆನೆದಳು. "ಮಲಗಲಿ ಬಿಡಿ" ಎಂದು ಹೊದಿಕೆಯನ್ನು ಪಾದದ ಮೇಲೆ ಎಳೆದು, ಬರಿಗೈಯಲ್ಲಿ ಇಳಿದು ಬಂದಳು. ಇಳಿಯುತ್ತಾ ತನ್ನ ಮೇಲೆ ತನಗೇ ಕೆಂಡದಂಥ ಕೋಪ ಬಂತು.

ತಪಾಸಣೆಯಾಕೆ ಮೂರಕ್ಕೆ ಸರಿಯಾಗಿ ಬಂದಳು. ಎತ್ತರದ, ನಗೆಯ ಸುಳಿವಿಲ್ಲದ ಹೆಂಗಸು. ಕಿಟಕಿ ತೆರೆದು ಮುಚ್ಚಿ ನೋಡಿದಳು, ಹೊಳೆಯುವ ನೆಲ ನೋಡಿದಳು, ಕಾಗದದಲ್ಲಿ ಗುರುತು ಹಾಕಿದಳು. "ಮಗುವಿನ ಮಂಚ ಎಲ್ಲಿ?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಪಾಚಿ ಮೇಡಂಗೆ ಗೊತ್ತಿತ್ತು. ಆದರೂ ಹೇಳಿದಳು. "ಮೇಲಿನ ಮನೇಲಿದೆ. ನೆಲ ತೊಳೆಯೋಕೆ ಅಂತ ಹೊರಗಿಟ್ಟೆ. ಹನ್ನೆರಡನೇ ಸೂಚನೆ ಓದಿರಲಿಲ್ಲ. ಈಗ ಅದರಲ್ಲಿ ಒಂದು ಮಗು ಮಲಗಿದೆ. ಎಬ್ಬಿಸೋಕೆ ಆಗಲಿಲ್ಲ. ನನ್ನ ಮಗಳು ಫೋನಿಗೂ ಬರ್ತಿಲ್ಲ. ಆರು ತಿಂಗಳು ನನ್ನ ಕೈಲಾಗಲ್ಲ."

ಆಕೆ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. "ನೆಲ ತೊಳೆಯೋಕೆ ಮಂಚಾನೇ ಹೊರಗಿಟ್ರಾ?" ಎಂದಳು. ಆಮೇಲೆ ಮೆಟ್ಟಿಲು ಹತ್ತಿದಳು, ಹಿಂದೆಯೇ ಪಾಚಿ ಮೇಡಂ. ಮೇಲೆ ಬಸ್ಸು ಓಡಿಸುವಾಕೆ ಬಾಗಿಲು ತೆರೆದಳು, ಹುಡುಗಿ ಇನ್ನೂ ಎದ್ದಿರಲಿಲ್ಲ. ತಪಾಸಣೆಯಾಕೆ ಬೂಟು ಬಿಚ್ಚಿ ತುದಿಗಾಲಲ್ಲಿ ಹೋಗಿ, ಅಳತೆಪಟ್ಟಿ ಎಳೆದು, ಉಸಿರು ಬಿಗಿಹಿಡಿದು ಮಂಚದ ಉದ್ದ ಅಗಲ ಅಳೆದಳು. ಚೌಕಟ್ಟನ್ನು ಮೆಲ್ಲಗೆ ಅಲುಗಿಸಿದಳು. ಹುಡುಗಿ ಮಗ್ಗುಲು ಬದಲಿಸಿದಳು, ಮಂಚ ಕಿರ್ರೆನ್ನಲಿಲ್ಲ. ಆಕೆ ಕಾಗದದಲ್ಲಿ ಬರೆದದ್ದನ್ನು ಪಾಚಿ ಮೇಡಂಗೆ ತೋರಿಸಿದಳು: 'ಮಂಚವಿದೆ. ಮಗುವನ್ನು ಮಲಗಿಸಿ ಪರೀಕ್ಷಿಸಲಾಗಿದೆ.' ಕೆಳಗೆ ಒಪ್ಪಿಗೆಯ ಮೊಹರು. "ಸಂಜೆಯೊಳಗೆ ಕೆಳಗಿಳಿಸಿಕೊಳ್ಳಿ" ಎಂದಷ್ಟೇ ಹೇಳಿ, ಬೂಟು ಮೆಟ್ಟಿ ಹೊರಟುಹೋದಳು.

ವಿಷಯ ತಿಳಿದ ಬಸ್ಸು ಓಡಿಸುವಾಕೆ ಸಂಜೆ ತಾನೇ, ನಾಚಿಕೆಯಿಂದ ಕುಗ್ಗಿ, ಮಂಚವನ್ನು ಇಳಿಸಿ ತಂದಳು. ಹಿಂದೆ ಹುಡುಗಿ ದಿಂಬು ಅವುಚಿಕೊಂಡು ನಿಂತಿದ್ದಳು. ಅತ್ತಿರಲಿಲ್ಲ, ಮುಖ ಮಾತ್ರ ಊದಿತ್ತು. ಪಾಚಿ ಮೇಡಂ ಹಾಸಿಗೆಯ ಮೇಲೆ ಕೈಯಿಟ್ಟಳು. ಇನ್ನೂ ಬೆಚ್ಚಗಿತ್ತು. ಹದಿನಾಲ್ಕು ದಿನದಿಂದ ತಡೆದಿದ್ದ ಅಳು ಆಗ ಒಡೆಯಿತು, ಅವಳು ನಾಚದೆ ಅತ್ತಳು.

"ಯಾವಾಗ ಬರ್ತಾಳೆ ಅವಳು?" ಎಂದು ಹುಡುಗಿ ಕೇಳಿದಳು.

"ಇಪ್ಪತ್ತು ದಿನ ಆಗುತ್ತೆ. ಅಲ್ಲೀವರೆಗೂ ರಾತ್ರಿ ಇಲ್ಲಿಗೆ ಬಂದು ಮಲ್ಕೋ. ಖಾಲಿ ಬಿಟ್ಟರೆ ತಣ್ಣಗಾಗುತ್ತೆ" ಎಂದಳು ಪಾಚಿ ಮೇಡಂ, ಮೂಗು ಒರೆಸಿಕೊಳ್ಳುತ್ತಾ.

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿ, ಅನುಮತಿ ಸಿಕ್ಕಿದ್ದನ್ನೂ ಈ ಪುರಾಣವನ್ನೂ ಹೇಳಿದಳು. ಅಕ್ಕ ಬಿದ್ದು ಬಿದ್ದು ನಕ್ಕು, ಪಕ್ಕದಲ್ಲಿದ್ದವಳಿಗೆ, "ಕೇಳಿದ್ಯೇನೇ? ನಿನ್ನ ಮಂಚದಲ್ಲಿ ಬೇರೆ ಯಾರೋ ಮಲಗಿದ್ಲಂತೆ" ಎಂದಳು.

ಆಟದ ಸದ್ದು ನಿಂತಿತು. ಬರಿಗಾಲು ಓಡಿ ಬಂದ ಸದ್ದು ಕೇಳಿಸಿತು. ಫೋನನ್ನು ಕಿತ್ತುಕೊಂಡ ಸದ್ದು. ಆಮೇಲೆ ಒಂದು ಉಸಿರು, ತೀರಾ ಹತ್ತಿರದಲ್ಲಿ.

"ಅಮ್ಮಾ," ಎಂದಳು ಮಗಳು, ಒಂದು ವಾರದ ಮೇಲೆ, ಉರಿಯುವ ದನಿಯಲ್ಲಿ. "ಗೋಡೆ ಕಡೆ ನಾನೇ ಮಲಗೋದು. ಅವಳಿಗೆ ಈಗ್ಲೇ ಹೇಳಿಡು."