ಕರ್ತೃ ಎಲ್ಲಿ?

ಅವರು ಅಂಚಿನಲ್ಲೇ ನಡೆಯುತ್ತಿದ್ದರು. ರಸ್ತೆ ಎಷ್ಟೇ ಅಗಲವಿರಲಿ, ಕಚೇರಿಯ ಓಣಿ ಎಷ್ಟೇ ಖಾಲಿಯಿರಲಿ, ನಡುವಿನ ಜಾಗವನ್ನೆಲ್ಲ ಲೋಕಕ್ಕೆ ಬಿಟ್ಟುಕೊಟ್ಟು, ಎಡಭುಜ ಗೋಡೆಗೆ ಸವರುವಷ್ಟು ಬದಿಗೆ ಸರಿದು, ಪುಟ್ಟ ಪುಟ್ಟ ಹೆಜ್ಜೆಯಿಡುತ್ತ, ನಡುನಡುವೆ ನಿಂತು ಯಾವುದೋ ಫಲಕದ ಕಾಗುಣಿತ ನೋಡಿ ನಿಟ್ಟುಸಿರುಬಿಟ್ಟು ಮುಂದೆ ಹೋಗುತ್ತಿದ್ದರು. ಕೇಳಿದರೆ, “ಮೂವತ್ತು ವರ್ಷ ಪುಟದ ಅಂಚಲ್ಲೇ ಬದುಕಿದೀನಿ ಕಣ್ರೀ, ಮಧ್ಯಕ್ಕೆ ಬಂದ್ರೆ ತಲೆ ಸುತ್ತುತ್ತೆ” ಎನ್ನುತ್ತಿದ್ದರು.

ನಮ್ಮ ಪತ್ರಿಕೆಯಲ್ಲಿ ಅವರು ಕರಡು ತಿದ್ದುವವರು. ನಾನು ಕೋರ್ಟು, ಪೊಲೀಸು, ಅಪರಾಧದ ಸುದ್ದಿ ಬರೆಯುವವನು. ಅಂದರೆ ನಾನು ತಪ್ಪು ಮಾಡುವವನು, ಅವರು ಹಿಡಿಯುವವರು. ಸ್ನೇಹಕ್ಕೆ ಇದಕ್ಕಿಂತ ಗಟ್ಟಿಯಾದ ತಳಹದಿಯನ್ನು ನಾನು ಕಂಡಿಲ್ಲ. ಅವರ ಕುರ್ಚಿಯ ನೆತ್ತಿಗೇ ಏಸಿ ಇದ್ದುದರಿಂದ ಹನ್ನೆರಡು ತಿಂಗಳೂ ಒಂದು ದಪ್ಪ ಕಂದು ಉಣ್ಣೆಯ ಕೋಟು ಹಾಕಿಕೊಂಡಿರುತ್ತಿದ್ದರು. ಕೆಲಸ ಕರಡಿನದು, ಮೈಮೇಲೆ ಕಂದು ಉಣ್ಣೆ, ಕಚೇರಿ ಸುಮ್ಮನಿರುತ್ತದೆಯೇ? ‘ಕರಡಿ’ ಎಂದು ಹೆಸರಿಟ್ಟಿತು. ‘ಕರಡಿ ಬಂತು’ ಎಂದು ಯಾರೋ ಯಾರಿಗೋ ದಾಟಿಸಿದ ಚೀಟಿ ಒಂದು ದಿನ ದಾರಿತಪ್ಪಿ ಅವರ ಮೇಜಿಗೇ ಬಂತು. ಅವರು ‘ಬಂತು’ ಹೊಡೆದುಹಾಕಿ ‘ಬಂದರು’ ಎಂದು ತಿದ್ದಿ ಹಿಂದಕ್ಕೆ ಕಳಿಸಿದರು. ಅಂದಿನಿಂದ ಅವರು ಬಹುವಚನದ ಕರಡಿ.

ಆ ಕೋಟಿನ ಎರಡನೆಯ ಗುಂಡಿಗೆ ದಾರ, ದಾರದ ತುದಿಗೆ ಹಸಿರು ಶಾಯಿಯ ಪೆನ್ನು. ಸಹಿಗೆಂದು ಯಾರು ಕೇಳಿದರೂ ದಾರ ಬಿಚ್ಚುತ್ತಿರಲಿಲ್ಲ. ಕೇಳಿದವರೇ ಬಾಗಿ, ಕಾಗದವನ್ನು ಕೋಟಿನ ಹತ್ತಿರ ಹಿಡಿದು ಸಹಿ ಹಾಕಬೇಕು. ಸಂಪಾದಕರೇ ಒಮ್ಮೆ ಹಾಗೆ ಬಾಗಿದ್ದನ್ನು ಕಣ್ಣಾರೆ ನೋಡಿದೆವು. ಆ ವರ್ಷ ಕಚೇರಿಯಲ್ಲಿ ನಮಗೆ ಸಿಕ್ಕ ದೊಡ್ಡ ಸಂತೋಷ ಅದೇ.

ಹಸಿರು ಶಾಯಿಯಲ್ಲಿ ಅವರು ಅತಿ ಹೆಚ್ಚು ಸಲ ಬರೆದದ್ದು ಎರಡೇ ಪದ: ‘ಕರ್ತೃ ಎಲ್ಲಿ?’ ಶಾಲೆಯ ವ್ಯಾಕರಣದಲ್ಲಿ ಎಲ್ಲರೂ ಓದಿ ಮರೆತದ್ದೇ: ಕೆಲಸ ಮಾಡುವವನು ಕರ್ತೃ, ಆ ಕೆಲಸ ಯಾರ ಮೇಲೆ ನಡೆಯಿತೋ ಅವರು ಕರ್ಮ. ‘ರಸ್ತೆಯನ್ನು ಅಗೆಯಲಾಗಿದೆ’ ಎಂದು ನಾನು ಬರೆದರೆ ಅಂಚಿನಲ್ಲಿ ಸಣ್ಣಗೆ ‘ಕರ್ತೃ ಎಲ್ಲಿ?’ ಎಂದಿರುತ್ತಿತ್ತು. ಆದರೆ ಒಂದು ಜಾತಿಯ ಸುದ್ದಿ ಬಂದರೆ ಮಾತ್ರ ಅಕ್ಷರ ಹಿಗ್ಗಿ, ಅಂಚು ಸಾಲದೆ, ನನ್ನ ಸಾಲುಗಳ ಮೇಲೇ ಹತ್ತಿ ಕೂರುತ್ತಿತ್ತು. ‘ಯುವತಿ ಅತ್ಯಾಚಾರಕ್ಕೊಳಗಾದಳು’ ಎಂದು ಬರೆದ ದಿನ ಕಾಗದ ಹಿಡಿದು ನನ್ನ ಮೇಜಿಗೇ ಬಂದರು.

“ಅತ್ಯಾಚಾರ ಏನು ಮಳೆಯೇನ್ರೀ, ಮೇಲಿಂದ ಬೀಳೋದಕ್ಕೆ? ಛತ್ರಿ ತರದೆ ಹೋದದ್ದು ಅವಳ ತಪ್ಪು ಅನ್ನೋ ಥರ ಬರೀತೀರಲ್ಲ!”

ಪಕ್ಕದ ಮೇಜಿನ ಹಿರಿಯ ಉಪಸಂಪಾದಕರು ಒಳ್ಳೆಯ ಮನಸ್ಸಿನವರು; ಸಮಾಧಾನ ಹೇಳಲು ಬಾಯಿ ಹಾಕಿದರು. “ಹೋಗ್ಲಿ ಬಿಡಿ ಮೇಡಂ, ಪಾಪ, ಆ ಹುಡುಗಿ ಕರ್ಮ.”

“ವ್ಯಾಕರಣದಲ್ಲಿ ಹೌದು ಸಾರ್, ಅವಳೇ ಕರ್ಮ. ಕರ್ತೃ ಯಾರು, ಅದು ಹೇಳಿ.”

ಉಪಸಂಪಾದಕರು ಚಹಾ ಲೋಟದೊಳಗೆ ಇಣುಕಿ ನೋಡಿದರು. ಕರ್ತೃ ಅಲ್ಲಿರಲಿಲ್ಲ.

ಕರಡಿಯವರ ಪರಮಶತ್ರು ‘ಮಾನಭಂಗ’ ಎಂಬ ಪದ. “ಮಾನಗೆಟ್ಟ ಕೆಲಸ ಮಾಡೋನು ಅವನು, ಮಾನ ಹೋಯ್ತು ಅಂತ ಅಚ್ಚು ಹಾಕೋದು ಇವಳ ಲೆಕ್ಕಕ್ಕಾ?” ಎಂದು ಅದನ್ನು ಕಂಡಲ್ಲೆಲ್ಲ ಹೊಡೆದುಹಾಕುತ್ತಿದ್ದರು, ಸಂಪಾದಕರು ಮತ್ತೆ ಸೇರಿಸುತ್ತಿದ್ದರು. ಓದುಗರಿಗೆ ರೂಢಿಯಾದ ಪದ, ನಾಲ್ಕೇ ಅಕ್ಷರ, ತಲೆಬರಹದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ ಎಂಬುದು ಅವರ ವಾದ. ಈ ಹೊಡೆದಾಟ ಎಷ್ಟೋ ವರ್ಷ ನಡೆಯಿತು, ಒಂಬತ್ತು ವರ್ಷದ ಹಿಂದೆ ಒಂದು ಸಂಜೆ ಪುಟ ಕಟ್ಟುವವರು ಒಂದು ತಪ್ಪು ಮಾಡುವವರೆಗೆ.

ಅಂದು ಒಬ್ಬ ಕಟ್ಟಡ ಗುತ್ತಿಗೆದಾರನಿಗೆ ಶಿಕ್ಷೆಯಾಗಿತ್ತು. ತನ್ನ ಕಚೇರಿಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳ ಮೇಲೆ ಅತ್ಯಾಚಾರ ಮಾಡಿದ್ದಾನೆ ಎಂದು ಕೋರ್ಟು ತೀರ್ಪು ಕೊಟ್ಟಿತ್ತು. ನಾನು ‘ಯುವತಿ ಮಾನಭಂಗ: ಗುತ್ತಿಗೆದಾರನಿಗೆ ಹತ್ತು ವರ್ಷ ಸಜೆ’ ಎಂದು ತಲೆಬರಹ ಕೊಟ್ಟಿದ್ದೆ. ಕರಡಿಯವರು ಮೊದಲೆರಡು ಪದ ಹೊಡೆದು, ನನ್ನನ್ನು ಬೈಯಲೆಂದು ಅಂಚಿನಲ್ಲಿ ‘ಮಾನ ಹೋದದ್ದು ಅವನದು!’ ಎಂದು ಬರೆದರು. ಪುಟ ಕಟ್ಟುವವರು ಬೈಗುಳವನ್ನೇ ತಿದ್ದುಪಡಿ ಎಂದುಕೊಂಡರು. ಬೆಳಿಗ್ಗೆ ಊರೆಲ್ಲ ಓದಿತು: ‘ಮಾನ ಹೋದದ್ದು ಅವನದು! ಗುತ್ತಿಗೆದಾರನಿಗೆ ಹತ್ತು ವರ್ಷ ಸಜೆ.’

ಹತ್ತು ಗಂಟೆಗೆ ಗುತ್ತಿಗೆದಾರನ ಅಣ್ಣ ಸಂಪಾದಕರ ಕೋಣೆಯಲ್ಲಿದ್ದ. “ನನ್ನ ತಮ್ಮನ ಮಾನ ಹೋಯ್ತು ಸಾರ್!” ಎಂಬ ಕೂಗು ನಮಗೆಲ್ಲ ಕೇಳಿಸಿತು.

“ಹೌದು,” ಎಂದರು ಕರೆ ಬಂದು ಅಲ್ಲೇ ನಿಂತಿದ್ದ ಕರಡಿ, “ನಾವೂ ಅದನ್ನೇ ಹಾಕಿದೀವಿ.”

ಸಂಪಾದಕರ ಮುಖ ಕೆಂಪಾಯಿತು. ಸಂಜೆ ಐದರೊಳಗೆ ತಿದ್ದುಪಡಿ ಬರೆದುಕೊಡಿ, ಇಲ್ಲದಿದ್ದರೆ ನಾಳೆಯಿಂದ ಬರಬೇಡಿ ಎಂದರು. ಕರಡಿಯವರು ಐದು ನಿಮಿಷದಲ್ಲಿ ಬರೆದುಕೊಟ್ಟರು: ‘ನಿನ್ನೆಯ ಸುದ್ದಿಯಲ್ಲಿ ಮಾನ ಹೋದದ್ದು ಅವನದು ಎಂದು ಅಚ್ಚಾಗಿದೆ. ಅವನಿಗೆ ಅದು ಮೊದಲೇ ಇರಲಿಲ್ಲ ಎಂದು ಓದಿಕೊಳ್ಳಬೇಕಾಗಿ ವಿನಂತಿ.’

ಅದನ್ನು ಓದಿದ ಸಂಪಾದಕರು ಕೂಗಾಡಲಿಲ್ಲ. ಐದು ಗಂಟೆಯ ಮಾತು ಹಾಗೇ ಇದೆ ಎಂದಷ್ಟೇ ಹೇಳಿದರು. ನಮಗೆ ಭಯವಾದದ್ದು ಆಗಲೇ. ಆ ಕೆಲಸ ಬಿಟ್ಟರೆ ಕರಡಿಯವರಿಗೆ ಬೇರೆ ಬದುಕಿರಲಿಲ್ಲ. ಹಾಸಿಗೆ ಹಿಡಿದ ತಾಯಿ, ಬಾಡಿಗೆಯ ಎರಡು ಕೋಣೆ, ಈ ಕೋಟು. “ಒಂದು ಸಾಲು ತಪ್ಪಾಯ್ತು ಅಂತ ಬರೆದುಬಿಡಿ ಮೇಡಂ,” ಎಂದು ನಾನು ಬೇಡಿಕೊಂಡೆ. “ತಪ್ಪೆಲ್ಲಿದೆ ತೋರಿಸಿ, ಬರೀತೀನಿ,” ಎಂದರು. ಬೆರಳು ಮಾತ್ರ ದಾರವನ್ನು ಸುತ್ತುತ್ತ ಬಿಚ್ಚುತ್ತ ಇತ್ತು.

ಮೂರು ಗಂಟೆಗೆ ಕೆಳಗಿನ ಕೌಂಟರಿಗೆ ಒಬ್ಬ ಹೆಣ್ಣುಮಗಳು ಬಂದು, ಇವತ್ತಿನ ಪೇಪರು ಹದಿನೈದು ಬೇಕು ಎಂದಳು. ಆ ಮೊಕದ್ದಮೆ ನಡೆದ ಮೂರು ವರ್ಷವೂ ಕೋರ್ಟಿನಲ್ಲಿ ಅವಳನ್ನು ನೋಡಿದ್ದೆ, ಗುರುತಾಯಿತು. ಓಡಿಹೋಗಿ ಕರಡಿಯವರನ್ನು ಕರೆತಂದೆ.

“ಹದಿನೈದು ಯಾಕಮ್ಮಾ?”

“ನಮ್ಮ ಬೀದೀಲಿ ಹದಿನೈದು ಮನೆ. ಮನೆ ಓನರಮ್ಮ ನನ್ನ ಕಂಡಾಗಲೆಲ್ಲ ‘ಅಯ್ಯೋ ಪಾಪ, ಮಾನ ಹೋಯ್ತಲ್ಲೇ’ ಅಂತಾರೆ. ಮೂರು ವರ್ಷದಿಂದ ದಿನಾ ಅದೇ. ನಾನು ಏನು ಹೇಳಿದ್ರೂ ನಂಬಲ್ಲ. ಪೇಪರಲ್ಲಿ ಬಂದದ್ದು ನಂಬ್ತಾರೆ.”

“ಇಪ್ಪತ್ತು ತಗೊಳ್ಳಿ,” ಎಂದರು ಕರಡಿ. “ಕೆಲವರಿಗೆ ಎರಡೆರಡು ಸಲ ಓದಿಸಬೇಕಾಗುತ್ತೆ.”

ಆಕೆ ನಕ್ಕಳು. ಅವಳು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ತಲೆಬರಹಕ್ಕೆ ಗೆರೆ ಎಳೆಯಬೇಕು, ಪೆನ್ನಿದೆಯೇ ಎಂದು ಕೇಳಿದಳು. ಈಗ ಇವಳೂ ಕೋಟಿಗೆ ಬಾಗಬೇಕಲ್ಲ ಎಂದುಕೊಂಡೆ. ಕರಡಿಯವರು ಗಂಟು ಬಿಚ್ಚಲು ಹೋದರು. ಎಷ್ಟೋ ವರ್ಷದ ಗಂಟು, ಬಿಚ್ಚಲಿಲ್ಲ. ಕೊನೆಗೆ ಹಲ್ಲಿನಿಂದ ದಾರ ಕಡಿದು ಪೆನ್ನು ಕೊಟ್ಟರು. ಆ ಹೆಣ್ಣುಮಗಳ ಕೆಲಸ ನಕ್ಷೆ ಬರೆಯುವುದು. ಇಪ್ಪತ್ತು ಪತ್ರಿಕೆಗೂ ಬರಿಗೈಯಲ್ಲಿ ಎಳೆದ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತಿತ್ತು.

ತಿದ್ದುಪಡಿ ಏನಾಯಿತೆಂದು ನೋಡಲು ಇಳಿದುಬಂದ ಸಂಪಾದಕರು ಮೆಟ್ಟಿಲ ಮೇಲೆಯೇ ನಿಂತಿದ್ದರು. “ಯಾರಿವರು?” ಎಂದರು ಮೆಲ್ಲಗೆ.

“ಓದುಗರು ಸಾರ್,” ಎಂದರು ಕರಡಿ. “ರೂಢಿಯಾದ ಪದ ಬೇಕು ಅಂತೀರಲ್ಲ, ಆ ಓದುಗರು.”

ಸಂಪಾದಕರು ಅವಳ ಪತ್ರಿಕೆಗಳ ಕಟ್ಟು ಜಾರದಂತೆ ತಾವೇ ಹಿಡಿದುಕೊಂಡು ಬಾಗಿಲವರೆಗೆ ಹೋದರು. ಪೆನ್ನು ಹಿಂದಕ್ಕೆ ಕೊಡಬಂದ ಅವಳಿಗೆ ಕರಡಿಯವರು, “ಇಟ್ಕೊಳ್ಳಿ, ಬೇಕಾಗುತ್ತೆ. ತಪ್ಪು ಕಂಡ್ರೆ ಅಂಚಲ್ಲಿ ಕರ್ತೃ ಎಲ್ಲಿ ಅಂತ ಬರೆದುಬಿಡಿ,” ಎಂದರು. ಐದು ಗಂಟೆ ಬಂತು, ಹೋಯಿತು. ಮರುದಿನ ಸೂಚನಾಫಲಕದಲ್ಲಿ ಸಂಪಾದಕರ ಆದೇಶವಿತ್ತು: ‘ಇನ್ನು ಮುಂದೆ ಮಾನಭಂಗ ಎಂಬ ಪದವನ್ನು ಬಳಸಲಾಗುವುದಿಲ್ಲ.’ ಅದರ ಅಡಿಯಲ್ಲಿ ಹೊಸ ಪೆನ್ನಿನ ಹಸಿರು ಶಾಯಿ: ‘ಕರ್ತೃ ಎಲ್ಲಿ?’

ಹೋದ ತಿಂಗಳು ಅವರು ಆಸ್ಪತ್ರೆ ಸೇರಿದಾಗಲೂ ಈ ಚಾಳಿ ಬಿಡಲಿಲ್ಲ. ‘ರೋಗಿಗೆ ಔಷಧ ನೀಡಲಾಯಿತು’ ಎಂದಿದ್ದ ಚೀಟಿಯ ಮೇಲೆ ಅದೇ ಪ್ರಶ್ನೆ ಬರೆದರು. ನರ್ಸಮ್ಮ ಸೊಂಟಕ್ಕೆ ಕೈಯಿಟ್ಟು, “ನಾನೇ ಕಣಮ್ಮ ಕರ್ತೃ, ಬಾಯಿ ತೆಗೀರಿ” ಎಂದರು. ಆ ಉತ್ತರ ಅವರಿಗೆ ಬಹಳ ಹಿಡಿಸಿತು. ಮೂವತ್ತೊಂದು ವರ್ಷದಲ್ಲಿ ಕೇಳಿದ ಕೂಡಲೇ ಒಪ್ಪಿಕೊಂಡವರು ಇವರೊಬ್ಬರೇ ನೋಡಿ ಎಂದು ನನಗೆ ಹೇಳಿ ನಕ್ಕರು. ಎರಡು ದಿನದ ಮೇಲೆ ತೀರಿಕೊಂಡರು. ಅವರ ಸಾವಿನ ಸುದ್ದಿಯನ್ನು ನಾನೇ ಬರೆದೆ. ಅದರಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು.

ಅವರ ಕುರ್ಚಿ ಖಾಲಿಯಿದ್ದ ಎರಡನೆಯ ವಾರ ಅವಸರದಲ್ಲಿ ಒಂದು ಸುದ್ದಿ ಕೊಟ್ಟೆ. ಅಚ್ಚಾಯಿತು. ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಮೂರನೆಯ ದಿನ ಅಂಚೆಯಲ್ಲಿ ಹೆಸರಿಲ್ಲದ ಲಕೋಟೆ ಬಂತು. ಒಳಗೆ ನನ್ನದೇ ಸುದ್ದಿಯ ತುಣುಕು. ‘ಮಾನಭಂಗ’ದ ಕೆಳಗೆ ಹಸಿರು ಶಾಯಿಯ ಗೆರೆ, ಅಳತೆಪಟ್ಟಿ ಇಟ್ಟು ಎಳೆದಂಥದ್ದು. ಅಂಚಿನಲ್ಲಿ ಎರಡು ಪದ. ಒಂಬತ್ತು ವರ್ಷದಿಂದ ನಾನು ಆ ಪದವನ್ನು ಮರೆತಿದ್ದೇನೆ ಎಂದುಕೊಂಡಿದ್ದೆ; ಮರೆತಿರಲಿಲ್ಲ, ಅವರು ಹೊಡೆದುಹಾಕುತ್ತಿದ್ದರು, ಅಷ್ಟೆ. ಮೇಜಿಗೆ ತಲೆಯಿಟ್ಟು ನಗುತ್ತಿದ್ದೆನೋ ಅಳುತ್ತಿದ್ದೆನೋ, ಪಕ್ಕದವರು ಮಾತ್ರ ಒಂದು ಲೋಟ ಚಹಾ ತಂದಿಟ್ಟು ಹೋದರು.

ಅಂಚಿನಲ್ಲಿ ಬದುಕುವ ಇಂಥವರನ್ನು ನಾವು ಕಾಗುಣಿತ ತಿದ್ದುವವರೆಂದೇ ತಿಳಿದಿರುತ್ತೇವೆ. ಅವರ ಹೆಸರು ಪುಟದ ನಡುವೆ ಎಂದೂ ಬರುವುದಿಲ್ಲ; ಅವರಿದ್ದಷ್ಟು ದಿನ ನಮ್ಮ ವಾಕ್ಯಗಳು ನೆಟ್ಟಗಿರುವುದು ನಮ್ಮ ಸ್ವಂತ ಗುಣವೆಂದು ಬೀಗುತ್ತಿರುತ್ತೇವೆ. ಅವರು ಹೋದಮೇಲೆ ತಪ್ಪು ನಮ್ಮದೆಂದು ಗೊತ್ತಾಗುತ್ತದೆ. ಪುಣ್ಯಕ್ಕೆ, ಹೋಗುವ ಮುನ್ನ ಅವರು ಪೆನ್ನನ್ನು ಯಾರ ಕೈಗಾದರೂ ಕೊಟ್ಟಿರುತ್ತಾರೆ. ನಮ್ಮ ಕೈಗಂತೂ ಅಲ್ಲ.